ಆಸ್ಪತ್ರೆಯ ಚೀಟಿಯಲ್ಲಿ ಯಾರ ಮಾತು?

(ತಿರುಮಣಿಯಲ್ಲಿ ಮಹಿಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಿಮ್ಮೂರಿನ ಸುತ್ತ ಸುಮಾರು 13,000 ಎಕರೆ ನೆಲದಲ್ಲಿ ಸೌರಫಲಕಗಳು ನಿಂತಿವೆ. ಇಲ್ಲಿನ ಬಿಸಿಲು ಕರೆಂಟಾಗಿ ಎಲ್ಲೆಲ್ಲಿಗೋ ಹೋಗುತ್ತದೆ. ಈಗ ನಮ್ಮ ಮೈನೋವಿನ ವಿವರವೂ ಆಸ್ಪತ್ರೆಯ ಕಂಪ್ಯೂಟರಿಗೆ ಹೋಗುತ್ತಿದೆ. ಅಲ್ಲಿಂದ ಅದು ಯಾರ ಕೈ ಸೇರುತ್ತದೆ? ಇವತ್ತು ಅದನ್ನೇ ಮಾತಾಡೋಣ.

ಮೊದಲು ಒಂದು ಹಳೆಯ ಸಂಗತಿ. ನನ್ನ ವಿದ್ಯಾರ್ಥಿನಿಯೊಬ್ಬಳು ಮದುವೆಯಾದ ವರ್ಷವೇ ಮುಂಗೈ ಮುರಿದು ಆಸ್ಪತ್ರೆ ಸೇರಿದಳು. ಡಾಕ್ಟರು ಕೇಳಿದ್ದು ಇವಳನ್ನು, ಉತ್ತರ ಕೊಟ್ಟದ್ದು ಅತ್ತೆ: "ಬಚ್ಚಲಲ್ಲಿ ಜಾರಿಬಿದ್ದಳು." ಚೀಟಿಯಲ್ಲಿ ಅದೇ ಬಂತು. ಮುಂದೆ ಕೋರ್ಟಿನಲ್ಲಿ ಎದುರು ವಕೀಲರು ಆ ಚೀಟಿಯನ್ನೇ ಎತ್ತಿ ಹಿಡಿದರು. ಪಕ್ಕದಲ್ಲಿ ಕೂತಿದ್ದ ನನಗೆ ಅವಳ ಮುಖ ನೋಡಲಾಗಲಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ 'ವಿಮೋಚನಾ' ಗೆಳತಿಯರು ಹೆಂಗಸರ ಅಸಹಜ ಸಾವುಗಳ ಕಡತಗಳನ್ನು ಬಿಡಿಸಿ ನೋಡಿದಾಗಲೂ ಇದೇ ಕಥೆ. "ಸ್ಟೌ ಸಿಡಿಯಿತು", "ಆಕಸ್ಮಿಕ" ಎಂಬ ಒಂದೆರಡು ಪದಗಳಲ್ಲಿ ಜೀವಗಳು ಮುಗಿದುಹೋಗಿದ್ದವು.

ಕಂಪ್ಯೂಟರು ಬಂದರೆ ಇದು ಸರಿಹೋದೀತೇ? ಸ್ವಲ್ಪ ಸರಿಹೋದೀತು. ಕಾಗದ ಹರಿಯುತ್ತದೆ, ಗೆದ್ದಲು ತಿನ್ನುತ್ತದೆ. ಒಳ್ಳೆಯ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಯಾರು, ಯಾವಾಗ ಬರೆದರು, ತಿದ್ದಿದರು ಎಂಬ ಗುರುತು ಉಳಿಯುತ್ತದೆ. ಮೂರು ಊರಿನ ಆಸ್ಪತ್ರೆಗಳಲ್ಲಿ ಮೂರು ಸಲ ಬಿದ್ದ ಪೆಟ್ಟುಗಳನ್ನು ಒಟ್ಟಿಗೆ ನೋಡಿದರೆ "ಜಾರಿಬಿದ್ದಳು" ಎಂಬ ಮಾತನ್ನು ಯಾರೂ ನಂಬಲಾರರು. ಆದರೆ ಬಾಯಿ ಅತ್ತೆಯದೇ ಆದರೆ ಕಂಪ್ಯೂಟರು ಆ ಸುಳ್ಳನ್ನೇ ಭದ್ರವಾಗಿ ಕಾಯುತ್ತದೆ.

ಇನ್ನೊಂದು ಭಯವಿದೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಬಂತು. ಅದರಲ್ಲಿ ಒಬ್ಬೊಬ್ಬರಿಗೂ 14 ಅಂಕಿಯ 'ಆಭಾ' ಸಂಖ್ಯೆ. ನಮ್ಮ ಒಪ್ಪಿಗೆಯಿಲ್ಲದೆ ದಾಖಲೆ ಹಂಚಬಾರದು ಎಂಬುದು ನಿಯಮ. ಒಪ್ಪಿಗೆ ಕೇಳುವ ಓಟಿಪಿ ಬರುವುದು ಮೊಬೈಲಿಗೆ. ಆ ಮೊಬೈಲು ಯಾರದು? ಮನೆಗೊಂದೇ ಫೋನಿದ್ದು ಅದು ಗಂಡನ ಜೇಬಿನಲ್ಲಿದ್ದರೆ, ಒಪ್ಪಿಗೆ ನಿಮ್ಮದೋ ಅವನದೋ? "ಗಂಡ ಹೊಡೆದ" ಎಂದು ಧೈರ್ಯ ಮಾಡಿ ಬರೆಸಿದ್ದನ್ನು ಸಂಜೆಗೆ ಅವನೇ ಓದಿದರೆ, ಆ ರಾತ್ರಿ ನಿಮ್ಮ ಗತಿಯೇನು?

ಆದ್ದರಿಂದ ಕೆಲವು ಮಾತು ನೆನಪಿಡಿ. ಮನೆಯವರನ್ನು ಹೊರಗೆ ಕಳಿಸಿ ಮಾತಾಡಿಸಿ ಎಂದು ಡಾಕ್ಟರನ್ನೋ ನರ್ಸನ್ನೋ ಕೇಳಿ. ನಿಮ್ಮ ಮಾತನ್ನೇ ಬರೆಯಲು ಹೇಳಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಡಿ ನೊಂದ ಹೆಣ್ಣು ಕೋರಿದರೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. ವೈದ್ಯಕೀಯ ಪರೀಕ್ಷೆಯ ವರದಿಯ ಪ್ರತಿಯನ್ನೂ ಹಣ ಪಡೆಯದೆ ಕೊಡಬೇಕೆಂದು ಅದರ ನಿಯಮಗಳಲ್ಲಿದೆ. ಆ ಪ್ರತಿಯನ್ನು ತವರಿನಲ್ಲೋ ನಂಬಿದ ಗೆಳತಿಯ ಬಳಿಯೋ ಇಡಿ. ಆಭಾ ಕಡ್ಡಾಯವಲ್ಲ. ಮಾಡಿಸುವುದಾದರೆ ನಿಮ್ಮ ಕೈಯಲ್ಲಿರುವ ನಂಬರನ್ನೇ ಕೊಡಿ.

ಆಸ್ಪತ್ರೆಗಳಿಗೂ ನಮ್ಮ ಬೇಡಿಕೆಯಿದೆ. ಎಷ್ಟು ಕಂಪ್ಯೂಟರ್ ಬಂತು, ಎಷ್ಟು ಸಂಖ್ಯೆ ಹಂಚಿದಿರಿ ಎಂಬ ಲೆಕ್ಕ ಮಾತ್ರ ಸಾಲದು. ಹೆಣ್ಣೊಬ್ಬಳು ಹೆದರದೆ ಮಾತಾಡಲು ಬಾಗಿಲು ಮುಚ್ಚುವ ಒಂದು ಕೋಣೆ ಇದೆಯೇ, ಫೋನಿಗೆ ಸಂದೇಶ ಕಳಿಸುವ ಮೊದಲು ಅವಳನ್ನು ಕೇಳುತ್ತೀರಾ? ಇದಕ್ಕೂ ಉತ್ತರ ಬೇಕು. ಸಂಘದ ಮುಂದಿನ ಸಭೆಯಲ್ಲಿ ಈ ಎರಡು ಪ್ರಶ್ನೆಗಳನ್ನು ಅರ್ಜಿಯಾಗಿ ಬರೆಯೋಣ. ಮೊದಲ ರುಜು ನನ್ನದಿರಲಿ.