ಟಗರಿನ ರಕ್ತದಲ್ಲಿ ಒಂದು ಅಕ್ಷರ



ಬಾಗಲಕೋಟೆ ಜಿಲ್ಲೆಯ ಅಮೀನಗಡದ ಕುರಿಸಂತೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಟಗರು ಕೊಳ್ಳಲು ಬಂದ ಕುರಿಗಾರ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಬೆನ್ನು ಒತ್ತಿ ಮೈಕಟ್ಟು ಅಳೆಯುತ್ತಾನೆ. ವಯಸ್ಸು, ಪುಷ್ಟಿ ಎರಡೂ ತಿಳಿಯುತ್ತವೆ. ಆದರೆ ಈ ಟಗರಿಗೆ ಹುಟ್ಟುವ ಹೆಣ್ಣುಮರಿಗಳು ಮುಂದೆ ಒಂದೊಂದೇ ಮರಿ ಹಾಕುವವೋ, ಅವಳಿ ಹಾಕುವವೋ ಎಂಬುದು ಎಂಥ ಅನುಭವಿಯ ಕೈಗೂ ಸಿಗದು. ಕೆಲವು ಹನಿ ರಕ್ತದಿಂದ ಅದರ ಸುಳಿವು ಇಂದು ದೊರೆಯುತ್ತದೆ. ಹೇಗೆ?

ಕುರಿಯ ಜೀವಕೋಶದಲ್ಲಿ 54 ವರ್ಣತಂತುಗಳಿವೆ. ಅವುಗಳಲ್ಲಿರುವ ಡಿ.ಎನ್.ಎ. ಎಂಬ ದಾರದ ಮೇಲೆ ಎ, ಟಿ, ಜಿ, ಸಿ ಎಂಬ ನಾಲ್ಕೇ ‘ಅಕ್ಷರ’ಗಳಲ್ಲಿ ಜೀವಿಯ ಆನುವಂಶಿಕ ಬರಹವಿದೆ. ಒಂದು ಪೂರ್ಣ ಬರಹದಲ್ಲಿ 260 ಕೋಟಿಗೂ ಹೆಚ್ಚು ಅಕ್ಷರಗಳು! ಇದೇ ಜೀನೋಮ್.

ನಮ್ಮ ದಖ್ಖನಿ ಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಬಂಗಾಳದ ಸುಂದರಬನದ ಪುಟ್ಟ ಗರೋಲ್ ಕುರಿ ಅವಳಿಗೆ ಹೆಸರಾದುದು. ಕಾರಣ, ಒಂದು ವಂಶವಾಹಿಯಲ್ಲಿ ‘ಎ’ ಇರಬೇಕಾದಲ್ಲಿ ‘ಜಿ’ ಇದೆ. ಈ ಒಂದಕ್ಷರದ ವ್ಯತ್ಯಾಸವನ್ನು ವಿಜ್ಞಾನಿಗಳು 2001ರಲ್ಲಿ ಗುರುತಿಸಿದರು. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಈ ಗುಣವನ್ನು ದಖ್ಖನಿ ಕುರಿಗೆ ಸೇರಿಸಿ ‘ನಾರಿ ಸುವರ್ಣ’ ತಳಿಯನ್ನು ರೂಪಿಸಿತು. ಟಗರು ತಾನು ಮರಿ ಹಾಕುವುದಿಲ್ಲವಷ್ಟೆ? ಆದುದರಿಂದ ಅದರಲ್ಲಿ ಆ ಅಕ್ಷರವಿದೆಯೇ ಎಂದು ತಿಳಿಯಲು ರಕ್ತಪರೀಕ್ಷೆಯೇ ನೇರ ದಾರಿ.

ಎಲ್ಲ ಗುಣಗಳೂ ಹೀಗೆ ಒಂದೇ ಅಕ್ಷರದಲ್ಲಿಲ್ಲ. ಬರವನ್ನು ತಾಳುವ, ರೋಗವನ್ನು ಎದುರಿಸುವ ಶಕ್ತಿ ಹಲವು ಕಡೆ ಹರಡಿರುತ್ತದೆ. ಅದನ್ನು ಹುಡುಕಲು ನೂರಾರು ಕುರಿಗಳ ಪೂರ್ಣ ಬರಹವನ್ನು ಓದಿ ಹೋಲಿಸಬೇಕು. ಒಂದು ಪುಸ್ತಕದ ಮೂವತ್ತು ಪ್ರತಿಗಳನ್ನು ಚೂರುಚೂರಾಗಿ ಹರಿದಿರಿ ಎನ್ನಿ. ಒಂದು ಚೂರಿನ ಕೊನೆ ಇನ್ನೊಂದರ ಮೊದಲಿಗೆ ಹೊಂದುವುದನ್ನು ನೋಡಿ ಪುಸ್ತಕವನ್ನು ಮತ್ತೆ ಜೋಡಿಸಬಹುದು. ಇಂದಿನ ಯಂತ್ರಗಳು ಮಾಡುವುದೂ ಅದನ್ನೇ. ಡಿ.ಎನ್.ಎ. ಚೂರುಗಳನ್ನು ಗಾಜಿನ ಫಲಕದ ಮೇಲೆ ಅಂಟಿಸಿ, ಪ್ರತಿ ಅಕ್ಷರಕ್ಕೂ ಹೊಳೆಯುವ ಬಣ್ಣದ ಗುರುತು ಹಚ್ಚಿ, ಕೋಟಿಗಟ್ಟಲೆ ಚೂರುಗಳನ್ನು ಒಟ್ಟಿಗೆ ಛಾಯಾಚಿತ್ರ ತೆಗೆಯುತ್ತವೆ. ಜೋಡಿಸುವ ಕೆಲಸ ಗಣಕಯಂತ್ರದ್ದು. 1990ರಲ್ಲಿ ತೊಡಗಿದ ಮಾನವ ಜೀನೋಮ್ ಯೋಜನೆಗೆ 13 ವರ್ಷ ಹಿಡಿಯಿತು. ಈಗ ಒಬ್ಬ ಮನುಷ್ಯನ ಜೀನೋಮ್ ಓದಲು ಕೆಲವು ದಿನ ಸಾಕು. ಕುರಿಯ ಜೀನೋಮ್ 2014ರಲ್ಲಿ ಪ್ರಕಟವಾಯಿತು.

ಹಾಗಾದರೆ ಎಲ್ಲರೂ ಅವಳಿಯ ಟಗರನ್ನೇ ಕೊಳ್ಳಬೇಕೇ? ಅವಸರ ಬೇಡ. ಎರಡು ಮರಿಗೆ ಸಾಲುವಷ್ಟು ಹಾಲು ತಾಯಿಗೆ ಇರಬೇಕು. ಹಾಲಿಗೆ ಮೇವು ಬೇಕು. ಮೇವನ್ನರಸಿ ದಿನವೂ ಮೈಲಿಗಟ್ಟಲೆ ನಡೆಯುವ ಹಿಂಡಿನಲ್ಲಿ, ಬರದ ವರ್ಷ, ಎರಡನೆಯ ಮರಿ ಸೊರಗಿ ಸತ್ತರೆ ಲಾಭವೆಲ್ಲಿ? ಎಲ್ಲರೂ ಒಂದೇ ಟಗರಿನ ಸಂತತಿಯನ್ನು ಬೆಳೆಸಿದರೆ ನಾಡತಳಿಯ ವೈವಿಧ್ಯವೂ ಅಳಿಯುತ್ತದೆ. ಯಂತ್ರ ಅಕ್ಷರಗಳನ್ನು ಓದುತ್ತದೆ; ಯಾವ ಕುರಿ ಬರ ದಾಟಿ ಬದುಕಿತು, ಯಾವುದು ಮರಿಗೆ ಹಾಲುಣಿಸಿತು ಎಂಬುದು ಹಿಂಡು ಕಾಯ್ದವನಿಗೇ ಗೊತ್ತು. ಇವೆರಡನ್ನೂ ಕೂಡಿಸಿದಾಗಲೇ ಆ ಓದಿಗೆ ಅರ್ಥ ಬರುವುದು.

ನಿಮ್ಮ ಮನೆಯಲ್ಲಿ ಕುರಿಯಿದ್ದರೆ ಇಂದೇ ಒಂದು ನೋಟ್‌ಬುಕ್ ತೆರೆಯಿರಿ. ಯಾವ ಕುರಿ, ಎಂದು, ಎಷ್ಟು ಮರಿ ಹಾಕಿತು, ಎಷ್ಟು ಉಳಿದವು ಎಂದು ಬರೆದಿಡಿ. ನಾಳೆಯ ವಿಜ್ಞಾನಿ ಮೊದಲು ಕೇಳುವುದು ಇದನ್ನೇ.