ಹೊರಗಿನ ಉಡುಪು, ಒಳಗಿನ ಅಳುಕು
(ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಶಾಲೆಗೆ ನೂರು ತುಂಬಿದ ಹಬ್ಬದಲ್ಲಿ ಗೆದ್ದವರ ಹೆಸರುಗಳನ್ನು ಓದುವುದು ವಾಡಿಕೆ. ಅದು ಸಲ್ಲಲೇಬೇಕಾದ ಗೌರವ. ಆದರೆ ಗೆದ್ದ ಮೇಲೆಯೂ ಮನಸ್ಸಿನಲ್ಲಿ ಉಳಿದುಬಿಡುವ ಅಳುಕಿನ ಮಾತು ಯಾವ ಸನ್ಮಾನಪತ್ರದಲ್ಲಿಯೂ ಬರುವುದಿಲ್ಲ. ಹಳೆಯ ವಿದ್ಯಾರ್ಥಿಗಳಾದ ನಾವು ಇಂದು ಅದನ್ನೇ ಕುರಿತು ನಾಲ್ಕು ಮಾತು ಆಡಬಯಸುತ್ತೇವೆ. ಅದಕ್ಕೆ ಮಕ್ಕಳೆಲ್ಲರೂ ಬಲ್ಲ ಒಂದು ಬದುಕನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ.

ದೀಪಿಕಾ ಪಡುಕೋಣೆ 1986ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದವರು. ತಂದೆ ಪ್ರಕಾಶ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದವರು. ಮಗಳೂ ರಾಷ್ಟ್ರಮಟ್ಟದ ಪಂದ್ಯಗಳಲ್ಲಿ ಆಡಿದ ಬಳಿಕ ಆ ದಾರಿ ಬಿಟ್ಟು ಮಾಡೆಲಿಂಗ್ ಹಿಡಿದರು. 2006ರಲ್ಲಿ ಕನ್ನಡದ ‘ಐಶ್ವರ್ಯ’ ಚಿತ್ರದಲ್ಲಿ, 2007ರಲ್ಲಿ ಹಿಂದಿಯ ‘ಓಂ ಶಾಂತಿ ಓಂ’ನಲ್ಲಿ ನಟಿಸಿದರು. 2013ರಲ್ಲಿ ಅವರ ಚಿತ್ರಗಳು ಒಂದರ ಹಿಂದೊಂದು ಯಶಸ್ಸು ಕಂಡವು. ಅದರ ಮರುವರ್ಷದ ಆರಂಭದಲ್ಲಿಯೇ ಒಂದು ಬೆಳಗ್ಗೆ ಏಳುವಾಗ ಒಳಗೆಲ್ಲ ಬರಿದಾದಂತೆ ಅನಿಸಿತೆಂದೂ, ಕಾರಣ ತಿಳಿಯದೆ ಅಳು ಬರುತ್ತಿತ್ತೆಂದೂ ಅವರೇ ಮುಂದೆ ಹೇಳಿಕೊಂಡರು. ಮಗಳ ಅಳುವಿನಲ್ಲಿರುವ ಬೇರೆತನವನ್ನು ಮೊದಲು ಗುರುತಿಸಿದವರು ತಾಯಿ. ತಜ್ಞರ ನೆರವು ಪಡೆಯುವಂತೆ ಹೇಳಿದವರೂ ಅವರೇ. 2015ರಲ್ಲಿ ದೀಪಿಕಾ ಈ ಖಿನ್ನತೆಯನ್ನು ದೂರದರ್ಶನದ ಸಂದರ್ಶನದಲ್ಲಿ ಬಹಿರಂಗವಾಗಿ ಹೇಳಿದರು. ಮಾನಸಿಕ ಆರೋಗ್ಯಕ್ಕಾಗಿ ‘ಲಿವ್ ಲವ್ ಲಾಫ್’ ಪ್ರತಿಷ್ಠಾನವನ್ನು ಸ್ಥಾಪಿಸಿದ್ದೂ, ಮಿಂತ್ರಾದೊಡನೆ ‘ಆಲ್ ಅಬೌಟ್ ಯು’ ಎಂಬ ಉಡುಪಿನ ಬ್ರ್ಯಾಂಡ್ ಆರಂಭಿಸಿದ್ದೂ ಅದೇ ವರ್ಷ.

ಖಿನ್ನತೆ ಒಂದು ಕಾಯಿಲೆ. ಅದಕ್ಕೆ ಚಿಕಿತ್ಸೆ ಬೇಕು. ತನ್ನ ಬಗೆಗಿನ ಸಂಶಯ ಕಾಯಿಲೆಯಲ್ಲ. ಆದರೂ ಅದು ಮನುಷ್ಯನನ್ನು ಕುಗ್ಗಿಸುತ್ತದೆ. 1978ರಲ್ಲಿ ಪಾಲೀನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಯರು, ಓದಿನಲ್ಲಿಯೂ ಉದ್ಯೋಗದಲ್ಲಿಯೂ ಮೇಲೇರಿದ ಮಹಿಳೆಯರಲ್ಲಿ ಈ ಸಂಶಯವನ್ನು ಗುರುತಿಸಿ ಬರೆದರು. ನನ್ನ ಗೆಲುವು ಅದೃಷ್ಟದ್ದು, ಒಂದು ದಿನ ನನ್ನ ಬಣ್ಣ ಬಯಲಾಗುತ್ತದೆ ಎಂಬ ಭಯ ಅವರನ್ನು ಕಾಡುತ್ತಿತ್ತು. ಅಮೆರಿಕದ ರೂಪದರ್ಶಿ ಕ್ಯಾಮರಾನ್ ರಸೆಲ್ 2012ರ ಒಂದು ಭಾಷಣದಲ್ಲಿ, ಜಗತ್ತು ಚೆಲುವೆಯರೆಂದು ಮೆಚ್ಚುವ ತಮ್ಮಂಥವರೇ ತಮ್ಮ ದೇಹದ ಬಗ್ಗೆ ಅತಿ ಹೆಚ್ಚು ಅಳುಕುವವರೆಂದು ಹೇಳಿದರು. ಇದರಲ್ಲಿ ಸೋಜಿಗವಿಲ್ಲ. ದಿನವೂ ಪರರ ಕಣ್ಣಿನ ತೀರ್ಪಿಗೆ ನಿಲ್ಲುವುದೇ ಆ ವೃತ್ತಿ. ಅಲ್ಲಿ ಬೇಡವೆನಿಸಿಕೊಳ್ಳುವುದು ಮಾಡಿದ ವಸ್ತುವಲ್ಲ, ಮೈ ಮತ್ತು ಮುಖ.

ಉಡುಪು ತಯಾರಿಸುವ ಕೆಲಸದ ಬಗೆ ಬೇರೆ. ಅಲ್ಲಿಯೂ ಗಿರಾಕಿಯ ತೀರ್ಪುಂಟು: ತೋಳು ಬಿಗಿಯಾಯಿತು, ಬಣ್ಣ ಬಿಟ್ಟಿತು, ಅಳತೆ ಹೊಂದಲಿಲ್ಲ ಎಂದು ಮಾಲು ಮರಳಿ ಬರುತ್ತದೆ. ಆದರೆ ಆ ದೂರು ಬಟ್ಟೆಯ ಮೇಲಿನದು, ಮನುಷ್ಯನ ಮೇಲಿನದಲ್ಲ. ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಡಬಹುದು. ನೂಲಿನ ಮತ್ತು ಚಾದರದ ಊರಾದ ಸೊಲ್ಲಾಪುರದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. 1877ರಲ್ಲಿ ಇಲ್ಲಿ ಮೊದಲ ಗಿರಣಿ ನಿಂತಿತು. ಇಂದು ಶಾಲಾ ಸಮವಸ್ತ್ರಗಳ ಹೊಲಿಗೆಗೂ ನಮ್ಮ ಊರು ಹೆಸರಾಗಿದೆ. ಮಗ್ಗದಲ್ಲಿ ಎಳೆ ಕಡಿದಾಗ ನೇಕಾರ ತನ್ನ ಕೈಯನ್ನು ಶಪಿಸುತ್ತ ಕೂರುವುದಿಲ್ಲ. ಗಂಟು ಹಾಕಿ ಮುಂದೆ ನೇಯುತ್ತಾನೆ.

ಈ ಮಾತು ನಮ್ಮ ಶಾಲೆಗೆ ಬಹಳ ಹತ್ತಿರದ್ದು. ಇಲ್ಲಿ ಹತ್ತನೆಯ ಇಯತ್ತೆ ಮುಗಿಸಿದ ಮಕ್ಕಳು ಕಾಲೇಜಿಗೆ ಕಾಲಿಟ್ಟಾಗ ಸುತ್ತ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್. ಒಂದು ಶಬ್ದ ತಪ್ಪಿದರೆ ಯಾರೋ ನಗುತ್ತಾರೆ. ಆಗ ಮಗು ‘ಈ ಶಬ್ದ ಕಲಿಯಬೇಕು’ ಎಂದುಕೊಳ್ಳದೆ ‘ನಾನೇ ಕಡಿಮೆ’ ಎಂದುಕೊಳ್ಳುತ್ತದೆ. ಆ ನಗೆಗೆ ಅಂಜಿ ಪಾಲಕರು ತಂಗಿಯನ್ನೋ ತಮ್ಮನನ್ನೋ ಬೇರೆ ಮಾಧ್ಯಮಕ್ಕೆ ಸೇರಿಸುತ್ತಾರೆ. ಹೀಗೆ ಒಬ್ಬರ ಅಳುಕು ತರಗತಿಯ ಹಾಜರಿಪುಸ್ತಕವನ್ನೇ ತೆಳ್ಳಗೆ ಮಾಡುತ್ತದೆ. ಶಾಲೆಯ ಮುಂದಿನ ನೂರು ವರ್ಷಗಳ ಪ್ರಶ್ನೆ ಇದರಲ್ಲಿ ಅಡಗಿದೆ.

ಆದ್ದರಿಂದ ಮೂರು ವಿನಂತಿ. ಗುರುಗಳೆ, ತಿದ್ದುವಾಗ ತಪ್ಪನ್ನು ತಿದ್ದಿರಿ, ಮಗುವಿಗೆ ಹೆಸರಿಡಬೇಡಿ. ಪಾಲಕರೆ, ಮಗು ಮೌನವಾದರೆ, ನಿದ್ದೆ ಊಟ ಬಿಟ್ಟರೆ, ಅಭ್ಯಾಸದ ಸೋಮಾರಿತನವೆಂದು ತಳ್ಳಿಹಾಕಬೇಡಿ. ಆ ತಾಯಿ ನೋಡಿದಂತೆ ನೋಡಿರಿ. ಭಾರತ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿದರೆ ಉಚಿತವಾಗಿ ಮಾತನಾಡಬಹುದು. ಹಳೆಯ ವಿದ್ಯಾರ್ಥಿಗಳೆ, ವರ್ಷಕ್ಕೊಮ್ಮೆ ತರಗತಿಗೆ ಬಂದು ನಮ್ಮ ಗೆಲುವಿನೊಡನೆ ಅದರ ಹಿಂದಿನ ಅಂಜಿಕೆಯನ್ನೂ ಮಕ್ಕಳಿಗೆ ಹೇಳೋಣ. ಮೇಲೇರಿದವರೂ ಅಂಜಿದ್ದರೆಂದು ತಿಳಿದ ಮಗು ತನ್ನ ಅಂಜಿಕೆಯೊಡನೆಯೇ ಮೇಲೇಳಬಲ್ಲದು.

ಸಿದ್ಧರಾಮರು ಕೆರೆ ಕಟ್ಟಿಸಿದ ನೆಲ ನಮ್ಮದು. ಇಲ್ಲಿ ಮನುಷ್ಯನ ಬೆಲೆ ನೋಡುವವರ ಕಣ್ಣಿನಲ್ಲಿಲ್ಲ, ಮಾಡಿದ ಕಾಯಕದಲ್ಲಿದೆ. ಆ ನಂಬಿಕೆಯನ್ನು ಕನ್ನಡದಲ್ಲಿ ಕಲಿಸಿದ ಈ ಶಾಲೆಗೆ ನಮ್ಮ ನಮನಗಳು. ಇಲ್ಲಿಯ ಗಂಟೆ ಇನ್ನೂ ನೂರು ವರ್ಷ ಬಾರಿಸಲಿ.