ದಾಖಲೆ ಕಾಯುವವರು ಬೇಕಾಗಿದ್ದಾರೆ

ಮಂಡ್ಯದ ಬಂಡೂರು ಎಂದರೆ ನಾಡಿಗೆ ನೆನಪಾಗುವುದು ಕುರಿ. ತಳಿ ಬೆರಕೆಯಾಗಬಾರದೆಂದರೆ ಯಾವ ಮರಿ ಯಾವ ಟಗರಿನದು, ತಾಯಿ ಯಾವುದು ಎಂಬ ಲೆಕ್ಕ ತಪ್ಪಬಾರದು. ಇದನ್ನು ನಿಮ್ಮ ಮನೆಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಹಣಿಯಲ್ಲಿ ಅಜ್ಜನ ಹೆಸರು ಒಂದಕ್ಷರ ತಪ್ಪಿದ್ದಕ್ಕೆ ತಾಲ್ಲೂಕು ಕಚೇರಿಗೆ ಅಲೆದವರನ್ನೂ ನೀವು ಕಂಡಿದ್ದೀರಿ. ದಾಖಲೆಯ ಬೆಲೆ ಇಷ್ಟು ಚೆನ್ನಾಗಿ ಬಲ್ಲ ಮಂಡ್ಯದ ಮಕ್ಕಳು ದಾಖಲೆ ಕಾಯುವ ಉದ್ಯೋಗಕ್ಕೇ ಯಾಕೆ ಹೋಗಬಾರದು? ಆ ಉದ್ಯೋಗಕ್ಕೆ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್, ಚಿಕ್ಕದಾಗಿ ಡಿಬಿಎ ಎನ್ನುತ್ತಾರೆ.

ಇದು ಎಲ್ಲೋ ಅಮೆರಿಕದಲ್ಲಿ ಮಾತ್ರ ಇರುವ ಕೆಲಸವಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಕರ್ನಾಟಕದ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿದ್ದ ಪಹಣಿ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಸಿಗತೊಡಗಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು, ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಸಾಗಬೇಕು ಎಂಬ ಕಟ್ಟುಪಾಡನ್ನು ತಂತ್ರಾಂಶದೊಳಗೇ ಇಟ್ಟರು. ಯಾರು ನೋಡಬಹುದು, ಯಾರು ತಿದ್ದಬಹುದು, ತಿದ್ದಿದ ಗುರುತು ಎಲ್ಲಿ ಉಳಿಯುತ್ತದೆ ಎಂದು ಕಾಯುವುದು ಡಿಬಿಎ ಕೆಲಸದ ಅರ್ಧ ಭಾಗ.

ಇನ್ನರ್ಧ, ಕೆಟ್ಟದ್ದನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರೊಬ್ಬರು ಅವಸರದಲ್ಲಿ ಅಸಲಿ ಡೇಟಾಬೇಸನ್ನೇ ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿದರೆ, ನಡೆಯುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ನಡೆದೇ ಇರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ಪ್ರತಿ ಉಳಿದಿತ್ತು. ಬ್ಯಾಕಪ್ ತೆಗೆಯುವುದು ಯಾರಿಗಾದರೂ ಬರುತ್ತದೆ. ಅದನ್ನು ರಿಸ್ಟೋರ್ ಮಾಡಿ ಪರೀಕ್ಷಿಸಿ ಇಟ್ಟವನೇ ಡಿಬಿಎ.

ಹಾಗಾದರೆ ದಾರಿ ಯಾವುದು? ಮೊದಲು ಡೇಟಾಬೇಸಿನ ಜೊತೆ ಮಾತಾಡುವ ಭಾಷೆಯಾದ ಎಸ್‌ಕ್ಯೂಎಲ್ ಕಲಿಯಿರಿ. ಬಿಸಿಎ, ಬಿಎಸ್ಸಿ, ಡಿಪ್ಲೊಮಾ ಯಾವುದನ್ನೇ ಓದುತ್ತಿರಿ, ಎನ್‌ಪಿಟಿಇಎಲ್ ಜಾಲತಾಣದ ಡೇಟಾಬೇಸ್ ಪಾಠಗಳನ್ನು ಕಾಸು ಕೊಡದೆ ನೋಡಬಹುದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ ಉಚಿತ, ಕಲಿಯುವವರಿಗೆ ಆರೇಕಲ್, ಮೈಕ್ರೋಸಾಫ್ಟ್ ಎರಡೂ ಉಚಿತ ಆವೃತ್ತಿ ಕೊಡುತ್ತವೆ. ಜೊತೆಗೆ ಲಿನಕ್ಸ್ ಕೈಗೆ ಹತ್ತಿಸಿಕೊಳ್ಳಿ. ಆಮೇಲೆ ಸರ್ಟಿಫಿಕೇಟ್. ಮೈಕ್ರೋಸಾಫ್ಟ್‌ನಲ್ಲಿ ಡಿಪಿ-300 ಪರೀಕ್ಷೆ ಇದೆ. 1000ಕ್ಕೆ 700 ಬಂದರೆ ಪಾಸು, ಸರ್ಟಿಫಿಕೇಟನ್ನು ವರ್ಷಕ್ಕೊಮ್ಮೆ ಉಚಿತವಾಗಿ ನವೀಕರಿಸಬೇಕು. ಆರೇಕಲ್‌ಗೆ ಅದರದೇ ಪರೀಕ್ಷೆಗಳಿವೆ. ಇವಕ್ಕೆ ಕೂರಲು ಎಂಜಿನಿಯರಿಂಗ್ ಪದವಿ ಇರಲೇಬೇಕೆಂದಿಲ್ಲ. ಸೀಟು ಸಿಗಲಿಲ್ಲ ಎಂದು ಕೈಚೆಲ್ಲಿ ಕೂತವರು ಈ ಮಾತನ್ನು ಎರಡು ಸಲ ಓದಿಕೊಳ್ಳಿ.

ಆದರೆ ಒಂದು ಎಚ್ಚರಿಕೆ. ಪ್ರಶ್ನೋತ್ತರ ಉರುಹೊಡೆದು ತಂದ ಸರ್ಟಿಫಿಕೇಟ್ ಸಂದರ್ಶನದ ಬಾಗಿಲವರೆಗೆ ಕರೆದೊಯ್ಯಬಹುದು, ಅದರಾಚೆಗಿಲ್ಲ. ‘ನೂರಕ್ಕೆ ನೂರು ಕೆಲಸ ಗ್ಯಾರಂಟಿ’ ಎಂದು ಸಾಲ ಮಾಡಿಸಿ ಫೀಸು ಕಟ್ಟಿಸಿಕೊಳ್ಳುವ ಕಡೆ ಕಾಲಿಡುವ ಮುನ್ನ ಅಲ್ಲಿ ಕಲಿತವರನ್ನು ವಿಚಾರಿಸಿ. ಶುರುವಿನಲ್ಲಿ ಸಿಗುವುದು ಬಹುಶಃ ಸಪೋರ್ಟ್ ಕೆಲಸ, ರಾತ್ರಿ ಪಾಳಿ. ಬೆಳಗಿನ ಜಾವ ನಾಲೆ ನೀರು ಕಟ್ಟಲು ಎದ್ದ ಮನೆಯವರು ನೀವು, ಇದಕ್ಕೆ ಹೆದರುವಿರಾ?

ಕಲಿಕೆಗೆ ದೊಡ್ಡ ಕಂಪನಿಯ ಡೇಟಾ ಬೇಕಿಲ್ಲ. ಊರಿನ ಹಾಲಿನ ಡೇರಿಯನ್ನೇ ತೆಗೆದುಕೊಳ್ಳಿ. ಸದಸ್ಯರಿಗೊಂದು ಟೇಬಲ್, ಬೆಳಿಗ್ಗೆ ಸಂಜೆಯ ಹಾಲಿಗೊಂದು, ಫ್ಯಾಟಿನ ದರಕ್ಕೊಂದು, ಪಾವತಿಗೊಂದು. ಹೆಸರೆಲ್ಲ ಕಲ್ಪಿತವಾಗಿರಲಿ. ಒಂದೇ ಹೆಸರಿನ ಇಬ್ಬರು ಬಂದರೆ ಹಣ ಅದಲುಬದಲಾಗದಂತೆ ಹೇಗೆ ತಡೆಯುತ್ತೀರಿ? ಕರೆಂಟು ಮಧ್ಯದಲ್ಲಿ ಹೋದರೆ ಅರ್ಧ ಬರೆದ ಪಾವತಿ ಏನಾಗಬೇಕು? ಉತ್ತರ ಹುಡುಕುತ್ತ ಹೋದಂತೆ ಕೀ, ಟ್ರಾನ್ಸಾಕ್ಷನ್, ಲಾಗ್ ಎಲ್ಲ ತಾನಾಗಿ ಅರ್ಥವಾಗುತ್ತವೆ. ಕೊನೆಗೆ ಅದನ್ನು ಪೂರ್ತಿ ಅಳಿಸಿ, ಬ್ಯಾಕಪ್ಪಿನಿಂದ ಎಬ್ಬಿಸಿ, ಒಂದು ಪೈಸೆಯೂ ವ್ಯತ್ಯಾಸವಿಲ್ಲವೆಂದು ತಾಳೆ ನೋಡಿ.

ಅದನ್ನು ಮಾಡಲು ಬಂದ ದಿನ ಪರೀಕ್ಷೆಗೆ ಹೆಸರು ಕೊಡಿ. ಮಂಡ್ಯದ ಮಕ್ಕಳಿಗೆ ಮಾತು ಜೋರು, ಇಂಗ್ಲಿಷ್ ಕಮ್ಮಿ ಎನ್ನುವವರು ಎನ್ನಲಿ. ಇಂಗ್ಲಿಷ್ ಕಲಿತರೆ ಬರುತ್ತದೆ. ಇನ್ನೊಬ್ಬರ ಲೆಕ್ಕಕ್ಕೆ ಮೋಸವಾಗಬಾರದೆಂಬ ಹಟ ಈಗಾಗಲೇ ನಿಮ್ಮಲ್ಲಿದೆ. ಅದಕ್ಕೆ ವಿದ್ಯೆಯೊಂದನ್ನು ಕೂಡಿಸಿ, ಇವತ್ತೇ ಶುರುಮಾಡಿ.